ಮಂಡಲದ ಮೆಂಬರು

ಅಂಗನವಾಡಿ ಕಟ್ಟಬೇಕಾದ ಜಾಗಕ್ಕೆ ಲಕ್ಕಪ್ಪ ತಂತಿ ಬೇಲಿ ಹಾಕಿಸಿದ. ಮೂವತ್ತೈದು ವರ್ಷದ ಹಿಂದೆ ಮಂಡಲ ಪಂಚಾಯ್ತಿಯೇ ಸಭೆಯಲ್ಲಿ ಠರಾವು ಮಾಡಿ ಅದನ್ನು ತನಗೆ ಬಣವೆ ಒಟ್ಟಲು ಕೊಟ್ಟಿದೆಯೆಂದು ಝೆರಾಕ್ಸ್ ತೋರಿಸಿದ. ನನಗೆ ಮೈಯೆಲ್ಲ ಉರಿಯಿತು.

"ಸುಳ್ಳ, ಖೊಟ್ಟಿ ಠರಾವ ಅದು! ಮಂಡಲದ ಮೆಂಬರ ನಾ ಇದ್ನೋ, ನೀ ಇದ್ದ್ಯೋ?" ಎಂದು ಊರ ನಡುವೆಯೇ ಝಾಡಿಸಿದೆ. ಸೊಸೆ ನಂದಾ ಅಂಗನವಾಡಿ ಟೀಚರು. ಹದಿನೆಂಟು ಮಕ್ಕಳನ್ನು ಗುಡಿ ಕಟ್ಟೆಯ ಮೇಲೆ ಕೂರಿಸಿಕೊಂಡಿದ್ದಾಳೆ. ಗುರುವಾರದ ಗ್ರಾಮಸಭೆಗೆ ಅಸಲಿ ಠರಾವು ಬುಕ್ಕು ತರುತ್ತೇನೆಂದು ಅವಳಿಗೆ ಮಾತು ಕೊಟ್ಟೆ.

ಮಂಡಲ ಹೋಗಿ ಗ್ರಾಮ ಪಂಚಾಯ್ತಿ ಬಂತು, ನಮ್ಮ ತಾಲೂಕೇ ಬದಲಾಯಿತು. ಬುಕ್ಕು ಎಲ್ಲಿದೆಯೆಂದು ಯಾರಿಗೆ ಗೊತ್ತು? ಮೂಡಲಗಿಯಲ್ಲಿ ಗೋಕಾಕಕ್ಕೆ ಹೋಗೆಂದರು. ಗೋಕಾಕದಲ್ಲಿ ಹಳೆ ಸೆಕ್ರೆಟರಿಯನ್ನು ಕೇಳೆಂದರು. ನಮ್ಮ ಮನೆಯವರು, ಸೋಮಶೇಖರ, "ಬಿಡ, ಹೋಗ್ಲಿ" ಎಂದು ದಾರಿಯುದ್ದಕ್ಕೂ ಗೊಣಗಿದರು. ನನಗೆ ಕೂತಲ್ಲಿ ಕೂರಲಾಗದು. ಬುಧವಾರ ಅವರನ್ನೂ ಎಳೆದುಕೊಂಡು ಹುಕ್ಕೇರಿಗೆ ಹೋದೆ.

ನಿವೃತ್ತ ಸೆಕ್ರೆಟರಿ ಕೆಂಚಪ್ಪ ಟ್ರಂಕಿನಿಂದ ಬುಕ್ಕು ತೆಗೆದುಕೊಟ್ಟರು. ಠರಾವು ಅದರಲ್ಲಿತ್ತು. ಖೊಟ್ಟಿಯಲ್ಲ. ಸೂಚಿಸಿದವರೆಂದು ನನ್ನ ಹೆಸರು. ಕೆಳಗೆ ನನ್ನದೇ ಸಹಿ. ಅಯ್ಯ ಶಿವನೇ!

ತಾರೀಖು ನೋಡಿದೆ. ನನ್ನ ಮಗ ಪರಶುರಾಮ ಹುಟ್ಟಿ ಒಂಬತ್ತನೆಯ ದಿನ. ಆಗ ನಾನು ಸಂಕೇಶ್ವರದ ತವರಿನಲ್ಲಿ ಬಾಣಂತಿ. ಕೂಸಿಗೆ ಹಾಲು ಕುಡಿಸುತ್ತಿದ್ದಾಗ ಇವರೇ ಬಸ್ಸಿನಲ್ಲಿ ಬುಕ್ಕು ತಂದು ಸಹಿ ಹಾಕಿಸಿಕೊಂಡು ಹೋಗಿದ್ದರು. ಏಳನೇ ಇಯತ್ತೆ ಕಲಿತವಳು ನಾನು. ಓದಬಹುದಿತ್ತು. ಓದಲಿಲ್ಲ.

"ಲಕ್ಕಪ್ಪ ದೋಸ್ತ, ಕೇಳಿದಾ, ಮಾಡಿಕೊಟ್ಟೆ" ಎಂದರು ಇವರು, ನೆಲ ನೋಡುತ್ತ. "ಬುಕ್ ಸಿಗಲಿಲ್ಲ ಅಂತ ಹೇಳು. ನಿನ್ನ ಮರ್ಯಾದಿ ಉಳಿತೈತಿ."

"ನನ್ನ ಮರ್ಯಾದಿ ಹೊದಿಸಿದ್ರ ಹುಡುಗೂರಿಗೆ ನೆಳ್ಳ ಆಗ್ತೈತೇನ್ರಿ?" ಎಂದು ಬುಕ್ಕನ್ನು ಚೀಲಕ್ಕೆ ಹಾಕಿದೆ.

ಗ್ರಾಮಸಭೆಯಲ್ಲಿ ಎಲ್ಲರೆದುರು ಬಿಚ್ಚಿಟ್ಟೆ. ದೋಸ್ತನ ಹೆಂಡತಿಯೆಂದು ನನಗೆ ವೈನಿ ಅನ್ನುವ ಲಕ್ಕಪ್ಪ ನಕ್ಕ. "ಸಹಿ ಯಾರದ್ರಿ, ವೈನಿ?"

"ನನ್ನದ. ಆದ್ರ ಸಭಾ ನಡದ ದಿನ ನಾ ಬಾಣಂತಿ. ನಂದಾ, ನಿನ್ನ ಗಂಡ ಹುಟ್ಟಿದ ತಾರೀಖ ಹೇಳವಾ."

ನಂದಾ ಹೇಳಿದಳು. ಪಿಡಿಒ ಬುಕ್ಕು ಎಳೆದುಕೊಂಡು ನೋಡಿದರು. "ಸೂಚಿಸಿದವ್ರ ಸಭಾದಾಗ ಇರಲಿಲ್ಲಂದ್ರ ಠರಾವ ರದ್ದಿಗೆ ಬರಿಬಹುದು. ಹೇಳಿಕಿ ಕೊಡ್ತೀರೇನ್ರಿ?"

"ಹಂಗಾದ್ರ ಉಳಿದ ಸಭಾಕ್ಕಾದ್ರೂ ಬಂದಿದ್ರೇನ್ರಿ?" ಲಕ್ಕಪ್ಪ ಬಿಡಲಿಲ್ಲ.

ಊರಿಗೆಲ್ಲ ನಾನು ಮೆಂಬರ್ ದಾಕ್ಷಾಯಿಣಿ. ಸೊಸೆಗೂ ಎಷ್ಟು ಸಲ ಆ ಜಂಬ ಕೊಚ್ಚಿದ್ದೆನೋ! ಅವಳು ನನ್ನನ್ನೇ ನೋಡುತ್ತಿದ್ದಳು.

"ಇಲ್ಲಪಾ" ಎಂದೆ. "ಐದು ವರ್ಷದಾಗ ಒಂದಕ್ಕೂ ಬಂದಿಲ್ಲ. ನಾ ಮಾತಾಡಿದ ಸಭಾ ಇದ ಮೊದಲನೇದು. ಬರಕೋರಿ, ಸಾಹೇಬ್ರ."