ಮೂವರ ಮಿತಿ ಅನ್ವಯಿಸದು

ಈ ಕಥೆಯನ್ನು ಮೊದಲು ಹೇಳಿದವಳು ತೈವಾನಿನ ಪಶ್ಚಿಮ ಕಡಲಂಚಿನ ಚಾವೊವೇಯ್ ಊರಿನ ಖೋ ಆ-ಮೀ ಎಂಬ ಮುದುಕಿ. ಹೇಳಿದ್ದು ೨೦೧೭ರ ಚಳಿಗಾಲದಲ್ಲಿ, ಸಿಂಪಿ ಸುಲಿಯುವ ಕೊಟ್ಟಿಗೆಯಲ್ಲಿ, ಮಧ್ಯಾಹ್ನ ಇಳಿಯುವ ಹೊತ್ತಿಗೆ. ಸುತ್ತ ಕುಳಿತಿದ್ದವರೆಲ್ಲ ಚೂರಿ ಹಿಡಿದ ಹೆಂಗಸರು. ಪಕ್ಕದ ಊರಿನಲ್ಲಿ ಇದೇ ಕಥೆಯನ್ನು ಒಂದೆಡೆ ತುಸು ಬೇರೆಯಾಗಿ ಹೇಳುತ್ತಾರೆ. ಆ ಭೇದವನ್ನು ಅದು ಬರುವ ಜಾಗದಲ್ಲಿ ಕಾಣಿಸಿದೆ. ಉಳಿದದ್ದೆಲ್ಲ ಆ-ಮೀ ಹೇಳಿದಂತೆಯೇ ಇದೆ.

ವೆಂಗ್ ಜಿನ್-ಚುಯೆ ಚಿಪ್ಪು ಸಾಗಿಸುವವಳು. ಸಿಂಪಿಯ ಊರಿನಲ್ಲಿ ಮಾಂಸ ಬುಟ್ಟಿಗೆ ಹೋದರೆ ಚಿಪ್ಪು ಬೀದಿಗೆ ಬೀಳುತ್ತದೆ. ಬಿದ್ದದ್ದನ್ನು ಎತ್ತದೆ ಬಿಟ್ಟರೆ ಬೇಸಿಗೆಯಲ್ಲಿ ಊರಿಗೆ ಊರೇ ನಾರುತ್ತದೆ. ಎತ್ತುವ ಗುತ್ತಿಗೆಯನ್ನು ಕೊಡುವುದು ಊರಿನ ಆಡಳಿತ ಕಚೇರಿ. ಬಹಳ ವರ್ಷ ಅದನ್ನು ಹಿಡಿಯುತ್ತಿದ್ದವನು ಪೇಟೆಯ ಒಬ್ಬ ದೊಡ್ಡ ಗುತ್ತಿಗೆದಾರ. ಜಿನ್-ಚುಯೆಯ ಎರಡು ಲಾರಿಗಳು ಅವನ ಕೈಕೆಳಗೆ ಓಡುತ್ತಿದ್ದವು. ಒಂದು ಶರತ್ಕಾಲದಲ್ಲಿ ಅವನು ಬಂದರಿನ ಕೆಲಸವೊಂದನ್ನು ಹಿಡಿದು ದಕ್ಷಿಣಕ್ಕೆ ಹೊರಟುಹೋದ. ಲಾರಿಗಳು ಅಂಗಳದಲ್ಲಿ ನಿಂತುಬಿಟ್ಟವು. ಗುತ್ತಿಗೆ ತನ್ನ ಹೆಸರಿಗೆ ಬಂದರೆ ಲಾರಿಗಳು ಉಳಿಯುತ್ತವೆ, ಬಾರದಿದ್ದರೆ ಹೊಸ ವರ್ಷದ ಹಬ್ಬಕ್ಕೆ ಮೊದಲೇ ಮಾರಬೇಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಟೆಂಡರಿನ ಭಾಷೆ ಮಾತ್ರ ಗೊತ್ತಿರಲಿಲ್ಲ. ಗೊತ್ತಿಲ್ಲವೆಂಬುದೂ ಅವಳ ಅರಿವಿಗೆ ಬಂದಿರಲಿಲ್ಲ.

ಅದಕ್ಕೆ ಕಾರಣವಿತ್ತು. ಅಲ್ಲಿಯವರ ಮಾತಿನಲ್ಲಿ ಚೀಟಿ ಕೂಗುವುದಕ್ಕೂ ಸರ್ಕಾರಕ್ಕೆ ಟೆಂಡರು ಹಾಕುವುದಕ್ಕೂ ಇರುವ ಪದ ಒಂದೇ: ಬಿಯಾವ್. ಚಾವೊವೇಯ್‌ನ ಹೆಂಗಸರು ಮದುವೆಯಾಗಿ ಬಂದ ವರ್ಷದಿಂದಲೇ ಬಿಯಾವ್ ಬಲ್ಲವರು. ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರುತ್ತಾರೆ, ಬಡ್ಡಿಯನ್ನು ತುಂಡು ಕಾಗದದ ಮೇಲೆ ಬರೆದು ಮಡಿಸಿ ಹಾಕುತ್ತಾರೆ, ಹೆಚ್ಚು ಬರೆದವರು ಚೀಟಿ ಎತ್ತುತ್ತಾರೆ. ಯಾರಿಗಾದರೂ ಆ ತಿಂಗಳು ತುರ್ತಾಗಿ ಬೇಕಿದ್ದರೆ ಅವರು ಮೊದಲೇ ಮನೆಮನೆಗೆ ಹೋಗಿ ಹೇಳಿಬರುವುದು ರೂಢಿ. ಉಳಿದವರು ಖಾಲಿ ಕೈಯಲ್ಲಿ ಕೂರುವುದಿಲ್ಲ. ಸೋಲುವಂಥದೊಂದು ಚಿಕ್ಕ ಅಂಕಿ ಬರೆದು ಜೊತೆ ಕೊಡುತ್ತಾರೆ. ಹಾಗೆ ಜೊತೆ ಕೊಡದವರನ್ನು ಊರು ಒಳ್ಳೆಯವರೆನ್ನುವುದಿಲ್ಲ.

ಜಿನ್-ಚುಯೆ ಟೆಂಡರು ಹಾಕಿ ಬಂದ ಕೆಲವು ದಿನಕ್ಕೆ ಕಚೇರಿಯಿಂದ ಫೋನು ಬಂತು. ಮಾತಾಡಿದವನು ಟೆಂಡರು ನೋಡಿಕೊಳ್ಳುವ ಗುಮಾಸ್ತ, ಝುವೊ.

"ಅಕ್ಕ, ನಿಮ್ಮ ಟೆಂಡರು ತೇಲಿಹೋಯ್ತು."

"ತೇಲಿಹೋಯ್ತಾ! ಅಯ್ಯೋ ದೇವ್ರೆ, ಕಚೇರಿಗೆ ನೀರು ನುಗ್ತಾ? ಮಳೇನೇ ಇಲ್ವಲ್ಲ!"

"ನೀರಲ್ಲ ಅಕ್ಕ. ಟೆಂಡರು ತೇಲಿದ್ದು."

"ಯಾವ ಕಡೆಗೆ ತೇಲ್ತು ಹೇಳಿ. ನಮ್ಮ ಭಾವನ ತೆಪ್ಪ ಇದೆ, ಹುಡುಕಿಸ್ತೀನಿ."

ಆ ಕಡೆ ಝುವೊ ನಕ್ಕ ಸದ್ದು ಕೇಳಿಸಿತು. ಮರುಗಳಿಗೆ ಅದನ್ನು ಕೆಮ್ಮಾಗಿ ತಿರುಗಿಸಿದ. "ಹಾಗಲ್ಲ. ಮೊದಲ್ನೇ ಸಲ ಕನಿಷ್ಠ ಮೂರು ಜನ ಹಾಕಿರ್ಬೇಕು. ನೀವೊಬ್ರೇ ಹಾಕಿದ್ರಿ, ಅದಕ್ಕೇ ಲಕೋಟೆ ಒಡೀಲಿಲ್ಲ. ನಮ್ಮ ಭಾಷೇಲಿ ಅದಕ್ಕೆ ತೇಲೋದು ಅಂತಾರೆ. ಎರಡನೇ ಸಲ ಕರೀತೀವಿ, ಮತ್ತೆ ಹಾಕಿ. ನಿಯಮ ಎಲ್ಲಾ ಬಾಗಿಲಲ್ಲಿ ಅಂಟಿಸ್ತೀವಿ, ಓದ್ಕೊಳ್ಳಿ."

ಅವಳು ಹೋಗಿ ಓದಿದಳು. ತುಟಿ ಅಲ್ಲಾಡಿಸಿಕೊಂಡು ಎರಡು ಸಲ ಓದಿದಳು. 'ಇದು ದ್ವಿತೀಯ ಆಹ್ವಾನವಾದ್ದರಿಂದ ಮೂವರ ಮಿತಿ ಅನ್ವಯಿಸದು' ಎಂದು ಬರೆದಿತ್ತು. ಮಿತಿಯೆಂದರೆ ಬೇಲಿ; ಬೇಲಿ ತೆಗೆದರೆಂದರೆ ಮೂವರಿಗಿಂತ ಹೆಚ್ಚು ಜನ ಬಂದರೂ ಅಡ್ಡಿಯಿಲ್ಲ ಎಂದು ಅವಳು ತಿಳಿದಳು. ಮೂವರು ಬಾರದೆ ಟೆಂಡರು ತೇಲಿತು. ಈ ಸಲ ಎಷ್ಟು ಜನರನ್ನು ಬೇಕಾದರೂ ಕರೆತನ್ನಿ ಎಂದು ಸರ್ಕಾರವೇ ಬಾಗಿಲು ತೆರೆದಿದೆ. ಆ ಸಾಲಿಗೆ ಬೇರೆ ಅರ್ಥವೊಂದು ಇರಬಹುದೆಂಬ ಅನುಮಾನ ಅವಳ ತಲೆಯೊಳಗೆ ಸುಳಿಯಲೇ ಇಲ್ಲ. ಎದುರಿನ ಅಂಗಡಿಯಲ್ಲಿ ಬಿಸಿ ಸೋಯಾ ಹಾಲು ಕುಡಿದು, ಯಾರನ್ನು ಕೇಳುವುದೆಂದು ಯೋಚಿಸುತ್ತಲೇ ಮನೆಗೆ ಬಂದಳು.

ಮೊದಲು ಕೇಳಿದ್ದು ಕೆ ಶುಯಿ-ಮು ಎಂಬ ಮುದುಕನನ್ನು. ಅವನಿಗೆ ಮರಳು ಸಾಗಿಸುವ ಹಳೆಯ ಪರವಾನಗಿಯೊಂದಿತ್ತು. ಲಾರಿ ಮಾತ್ರ ತುಕ್ಕು ಹಿಡಿದಿತ್ತು.

"ದೊಡ್ಡಪ್ಪ, ನಂಗೆ ಸ್ವಲ್ಪ ಜೊತೆ ಬೇಕು."

"ಎಲ್ಲಿಗೆ, ಆಸ್ಪತ್ರೆಗಾ?"

"ಅಲ್ಲ. ಬಿಯಾವ್‌ಗೆ. ಕಚೇರಿದು."

"ಬಡ್ಡಿ ಎಷ್ಟು ಬರೀಲಿ?"

"ಅಲ್ಲಿ ಬಡ್ಡಿ ಇಲ್ಲ ದೊಡ್ಡಪ್ಪ. ಸರ್ಕಾರದವ್ರದೆಲ್ಲ ತಿರುಗಾಮುರುಗಾ. ಕಮ್ಮಿ ಬರೆದೋರಿಗೇ ಸಿಗೋದು."

"ಹಾಗಾದ್ರೆ ನಂದು ಜಾಸ್ತಿ ಬರಿ ಮಾರಾಯ್ತಿ. ಅಪ್ಪಿತಪ್ಪಿ ಗೆದ್ದುಬಿಟ್ರೆ ಈ ಸೊಂಟ ಇಟ್ಕೊಂಡು ಚಿಪ್ಪು ಹೊರೋಕೆ ನನ್ನಪ್ಪ ಎದ್ದು ಬರ್ತಾನಾ?" ಎಂದು ಮುದುಕ ಒಳಗಿನಿಂದ, ಸಹಿಯ ಬದಲು ಒತ್ತುವ ತನ್ನ ಹೆಸರಿನ ಮುದ್ರೆಯನ್ನು ತಂದು ಅವಳ ಕೈಗಿಟ್ಟ. ಯಾಕೆ, ಏನು ಎಂದು ಕೇಳಲಿಲ್ಲ.

ಎರಡನೆಯವಳು ಹಳೇ ಕಬ್ಬಿಣದ ವ್ಯಾಪಾರದ ಲ್ವೊ ಬಿ-ಷಿಯಾ. ಜಿನ್-ಚುಯೆಗಿಂತ ತುಸು ಚಿಕ್ಕವಳು, ಬಾಯಿ ಮಾತ್ರ ದೊಡ್ಡದು. "ಬರೀ ಮುದ್ರೆ ಕೊಡಲ್ಲ ಅಕ್ಕ, ನಾನೂ ಬರ್ತೀನಿ. ಲಕೋಟೆ ಒಡೆಯೋದನ್ನ ನಾನು ಈ ಜನ್ಮದಲ್ಲಿ ನೋಡಿಲ್ಲ. ಚಹಾ ಬೇರೆ ಕೊಡ್ತಾರಂತೆ," ಎಂದಳು.

ಜಿನ್-ಚುಯೆ ಮೂರು ಟೆಂಡರನ್ನೂ ತನ್ನ ಊಟದ ಮೇಜಿನ ಮೇಲೆಯೇ ಬರೆದಳು.

ಲಕೋಟೆ ಒಡೆಯುವ ಬೆಳಿಗ್ಗೆ ಮೂವರೂ ಒಂದೇ ಬೆಂಚಿನಲ್ಲಿ ಮೈಗೆ ಮೈ ತಾಗಿಸಿಕೊಂಡು ಕುಳಿತಿದ್ದರು. ನಡುವೆ ಬಿ-ಷಿಯಾ ತಂದ ಬೇಯಿಸಿದ ಕಡಲೆಕಾಯಿಯ ಪೊಟ್ಟಣ. ಎದುರಿಗೆ ವಿಭಾಗದ ಮುಖ್ಯಸ್ಥೆ ಗಾನ್, ಅವಳ ಪಕ್ಕದಲ್ಲಿ ಕತ್ತರಿ ಹಿಡಿದ ಝುವೊ, ಮೂಲೆಯಲ್ಲಿ ಮೇಲ್ವಿಚಾರಣೆಗೆ ಬಂದ ಲೆಕ್ಕಪತ್ರದ ಹೆಂಗಸು. ಗಾನ್ ಎದ್ದುನಿಂತು ಓದಿದಳು: "ದ್ವಿತೀಯ ಆಹ್ವಾನ. ಮೂವರ ಮಿತಿ ಅನ್ವಯಿಸದು." ಆಮೇಲೆ ಕನ್ನಡಕ ಮೇಲೆತ್ತಿ, "ಅಂದ್ರೆ ಒಬ್ರೇ ಬಂದಿದ್ರೂ ಇವತ್ತು ಲಕೋಟೆ ಒಡೀತಿದ್ವಿ. ಮೂರು ಜನ ಬಂದಿದೀರಿ, ಸಂತೋಷ," ಎಂದಳು.

ಜಿನ್-ಚುಯೆಗೆ ಆ ಮಾತು ಕಿವಿಗೆ ಬಿದ್ದು ಎದೆಗೆ ಇಳಿಯಲು ತುಸು ಹೊತ್ತು ಹಿಡಿಯಿತು. ಒಬ್ಬಳೇ ಬಂದಿದ್ದರೂ ಸಾಕಿತ್ತು. ಬೇಲಿ ತೆಗೆದದ್ದು ಹೆಚ್ಚು ಜನ ಬರಲಿ ಎಂದಲ್ಲ. ಕಡಿಮೆ ಜನ ಬಂದರೂ ನಡೆಯಲಿ ಎಂದು.

"ಒಬ್ರೇ ಬಂದಿದ್ರೂನಾ?" ಎಂದಳು.

ಬಿ-ಷಿಯಾ ಗೊಳ್ಳೆಂದು ನಕ್ಕಳು. "ಅಯ್ಯೋ ಅಕ್ಕ, ಹಾಗಾದ್ರೆ ನಾವಿಬ್ರು ದಂಡಕ್ಕೆ ಬಂದ್ವಾ! ಮೇಡಂ, ನಾವು ಬರೀ ಜೊತೆಗೆ ಬಂದಿರೋದು. ಗುತ್ತಿಗೆ ಬೇಕಾಗಿರೋದು ಈಕೆಗೆ."

ಝುವೊನ ಕತ್ತರಿ ಲಕೋಟೆಯ ಅಂಚಿನಲ್ಲಿ ನಿಂತಿತು. ಲೆಕ್ಕಪತ್ರದ ಹೆಂಗಸು ತಲೆಯೆತ್ತಿದಳು. ಜೊತೆ ಎಂಬುದಕ್ಕೆ ಆ ಕೋಣೆಯಲ್ಲಿ ಬೇರೆಯೇ ಅರ್ಥವಿದೆ ಎಂಬುದು ಬೆಂಚಿನ ಮೇಲಿದ್ದ ಮೂವರಲ್ಲಿ ಯಾರಿಗೂ ತಿಳಿದಿರಲಿಲ್ಲ. ಗೆಲ್ಲುವ ಮನಸ್ಸಿಲ್ಲದೆ, ಇನ್ನೊಬ್ಬರು ಗೆಲ್ಲಲೆಂದು ಹಾಕುವ ಟೆಂಡರಿಗೆ ಸರ್ಕಾರ ಇಟ್ಟ ಹೆಸರೂ 'ಜೊತೆ ಟೆಂಡರು' ಎಂದೇ. ಆದರೆ ಕಾನೂನಿನಲ್ಲಿ ಅದು ಮೋಸದ ಸಾಲಿಗೆ ಸೇರಿದ್ದು.

"ಏನಂದ್ರಿ?" ಎಂದಳು ಗಾನ್.

ಶುಯಿ-ಮುವಿನ ಕಿವಿ ಮಂದ. ಯಾರೋ ಜಿನ್-ಚುಯೆಯ ಮೇಲೆ ಅನುಮಾನ ಪಡುತ್ತಿದ್ದಾರೆ, ತಾನು ಬೆಂಬಲಕ್ಕೆ ನಿಲ್ಲಬೇಕು ಎಂದುಕೊಂಡ. "ಹೂಂ ಕಣಮ್ಮ, ಜೊತೆಗೇ. ಒಳ್ಳೇ ಹುಡುಗಿ ಇವಳು. ನನ್ನ ದರಾನೂ ಇವಳೇ ಬರೆದ್ಲು, ನಂಗೆ ಅಕ್ಷರ ಮಸುಕು."

"ಹಾಗಾದ್ರೆ ನಿಮ್ಮ ಮೂವರ ನಡುವೆ ಅಸಹಜ ಸಂಬಂಧ ಇದೆ ಅಂತ ನಾನು ದಾಖಲೆ ಮಾಡ್ಬೇಕಾಗತ್ತೆ."

ಈ ಮಾತು ಮಾತ್ರ ಮುದುಕನಿಗೆ ಸ್ಪಷ್ಟವಾಗಿ ಕೇಳಿಸಿತು. ಕಡಲೆಕಾಯಿ ಚೆಲ್ಲಾಪಿಲ್ಲಿಯಾಗುವಂತೆ ಎದ್ದುನಿಂತ. "ಅಸಹಜ ಸಂಬಂಧಾನಾ! ಬಾಯಿಗೆ ಬಂದಂಗೆ ಆಡ್ಬೇಡ! ಇವಳನ್ನ ನಾನು ಎತ್ತಿ ಆಡ್ಸಿದೀನಿ! ಸರ್ಕಾರದೋಳು ಅಂತ ಏನು ಬೇಕಾದ್ರೂ ಅಂದುಬಿಡೋದಾ? ನನ್ನ ಹೆಂಡ್ತಿ ಕಿವಿಗೆ ಬಿದ್ರೆ ಈ ವಯಸ್ಸಲ್ಲಿ ನಾನೆಲ್ಲಿ ಹೋಗಿ ಮಲಗ್ಲಿ?"

ಬೇರೆ ದಿನವಾಗಿದ್ದರೆ ನಗಬಹುದಾದ ಮಾತು. ಅಲ್ಲಿ ಯಾರೂ ನಗಲಿಲ್ಲ. ಝುವೊ ಕತ್ತರಿಯನ್ನು ಮೇಜಿನ ಮೇಲಿಟ್ಟು, "ದೊಡ್ಡಪ್ಪ, ಕೂತ್ಕೊಳ್ಳಿ. ಅದು ಆ ಸಂಬಂಧ ಅಲ್ಲ, ಒಳಗೊಳಗೇ ಮಾತಾಡ್ಕೊಂಡು ದರ ಹಾಕೋದಕ್ಕೆ ಕಾನೂನಲ್ಲಿ ಹಾಗಂತಾರೆ," ಎಂದು ಮೆಲ್ಲನೆ ಹೇಳಿ, ಗೋಡೆಯ ಮೇಲೆ ತೂಗುಹಾಕಿದ್ದ ಕಾನೂನಿನ ಸಾಲುಗಳನ್ನು ತೋರಿಸಿ ಓದಿದ. ಕೊನೆಯ ಸಾಲಿನಲ್ಲಿ ವರ್ಷಗಟ್ಟಲೆ ಸೆರೆವಾಸದ ಮಾತಿತ್ತು. ಮೂವರೂ ಒಳಗೆ ಬರುವಾಗ ಅದರ ಪಕ್ಕದಲ್ಲೇ ಹಾದು ಬಂದಿದ್ದರು.

ಬಿ-ಷಿಯಾ ಜಿನ್-ಚುಯೆಯ ತೋಳು ಹಿಡಿದಳು. "ತಮಾಷೆಗಂದೆ ಮೇಡಂ! ನನ್ನ ಬಾಯೇ ಹೀಗೆ. ತಮಾಷೆ ಅಲ್ವಾ ಅಕ್ಕ? ಹೇಳು ಅಕ್ಕ!"

"ತಮಾಷೆಯಾ?" ಗಾನ್ ಜಿನ್-ಚುಯೆಯತ್ತ ತಿರುಗಿದಳು. "ವೆಂಗ್ ಅವರೇ, ನೀವು ಹೇಳಿ."

ಹೌದು ಎಂದರೆ ಕತ್ತರಿ ಮತ್ತೆ ಮೇಲೇಳಬಹುದಿತ್ತು. ಮೇಜಿನ ಮೇಲಿದ್ದ ಕಂದು ಲಕೋಟೆಯೊಳಗೆ ತನ್ನ ಎರಡು ಲಾರಿಗಳೂ ಇವೆಯೆಂದು ಅವಳಿಗೆ ತೋರಿತು. ಆದರೆ ಪಕ್ಕದ ಎರಡು ಲಕೋಟೆಗಳೊಳಗೆ ಇದ್ದದ್ದೂ ಅವಳದೇ ಕೈಬರಹ. ಒಡೆದ ಮರುಕ್ಷಣವೇ ಅದು ಕಾಣಿಸುತ್ತದೆ. ಆಗ ಜೊತೆಗೆ ಬಂದ ಇಬ್ಬರೂ ಜೊತೆಗಾರರಷ್ಟೇ ಆಗಿ ಉಳಿಯದೆ ಸುಳ್ಳುಗಾರರೂ ಆಗುತ್ತಾರೆ. ಮುದುಕ ಇನ್ನೂ ನಿಂತೇ ಇದ್ದ. ಏನಾಗುತ್ತಿದೆಯೆಂದು ತಿಳಿಯದೆ ಅವಳ ಮುಖವನ್ನೇ ನೋಡುತ್ತಿದ್ದ.

"ತಮಾಷೆ ಅಲ್ಲ," ಎಂದಳು ಜಿನ್-ಚುಯೆ. "ಮೂರನ್ನೂ ಬರೆದೋಳು ನಾನು. ಮನೆಗೆ ಹೋಗಿ ಜೊತೆ ಕೇಳಿದೋಳೂ ನಾನೇ. ಅವರು ಬರೀ ಹೂಂ ಅಂದ್ರು. ಬರ್ಕೊಳ್ಳಿ."

ಪಕ್ಕದ ಊರಿನವರ ಕಥೆಯಲ್ಲಿ ಅವಳು ಇಲ್ಲಿ ಅತ್ತು ಗಾನ್‌ಳ ಕಾಲು ಹಿಡಿಯುತ್ತಾಳೆ. ಆ-ಮೀ ಇದನ್ನು ಒಪ್ಪುವುದಿಲ್ಲ. ಅವಳು ಅಳಲಿಲ್ಲ, ಅಳುವುದಕ್ಕೂ ತುಸು ಉಸಿರು ಬೇಕು, ಅದು ಅವಳಲ್ಲಿ ಇರಲಿಲ್ಲ ಎನ್ನುತ್ತಾಳೆ.

ಲಕೋಟೆಗಳನ್ನು ಒಡೆಯಲಿಲ್ಲ. ಮೂರನ್ನೂ ಕಟ್ಟಿ ಮೊಹರು ಮಾಡಿ ಜಿಲ್ಲಾ ಪಟ್ಟಣದ ಸರ್ಕಾರಿ ವಕೀಲರಿಗೆ ಕಳಿಸಿದರು. ಆತ ಮೂವರನ್ನೂ ಬೇರೆ ಬೇರೆಯಾಗಿ ಕರೆದು ವಿಚಾರಿಸಿದ. ಶುಯಿ-ಮುವಿನ ಸರದಿ ಬಂದಾಗ, "ಅವಳು ಮುದ್ರೆ ಕೇಳಿದಾಗ ಯಾಕೆ ಅಂತ ನೀವು ಕೇಳ್ಲಿಲ್ವಾ?" ಎಂದ.

"ಯಾಕೆ ಅಂತ ಕೇಳಿದ್ರೆ ಅದು ಜೊತೆ ಹೇಗಾಗತ್ತೆ ಸ್ವಾಮಿ?" ಎಂದ ಮುದುಕ.

ವಕೀಲ ಅದನ್ನು ಹಾಗೆಯೇ ಬರೆದುಕೊಂಡನಂತೆ. ಮೂವರನ್ನೂ ಸೆರೆಗೆ ಕಳಿಸಲಿಲ್ಲ. ಮೊಕದ್ದಮೆಯನ್ನು ತಡೆಹಿಡಿದು, ಮತ್ತೆ ಇಂಥದರಲ್ಲಿ ಸಿಕ್ಕಿಬಿದ್ದರೆ ಬಿಡುವುದಿಲ್ಲವೆಂದು ಎಚ್ಚರಿಸಿ ಕಳಿಸಿದ. ಆದರೆ ಮೂವರ ಹೆಸರೂ ಸರ್ಕಾರದ ಪ್ರಕಟಣೆಯಲ್ಲಿ ಅಚ್ಚಾಯಿತು: ಮೋಸದ ಗುತ್ತಿಗೆದಾರರು, ಇವರಿಂದ ಯಾವ ಕಚೇರಿಯೂ ವರ್ಷಗಳ ಕಾಲ ಟೆಂಡರು ತೆಗೆದುಕೊಳ್ಳಕೂಡದು. ಶುಯಿ-ಮು ಅದನ್ನು ಯಾರಿಂದಲೋ ಓದಿಸಿ ಕೇಳಿ, ಅಂದಿನಿಂದ ಊರ ದೇವಾಲಯದ ಜಗಲಿಗೆ ಬಂದು ಕೂರುವುದನ್ನೇ ಬಿಟ್ಟ. ಬಿ-ಷಿಯಾಳ ಅಂಗಡಿಗೆ ಸರ್ಕಾರಿ ಶಾಲೆಯ ಹಳೇ ಬೆಂಚುಗಳು ಬರುವುದು ನಿಂತಿತು. ಜಿನ್-ಚುಯೆ ಇಬ್ಬರ ಮನೆ ಬಾಗಿಲಿಗೂ ಹೋಗಿ ನಿಂತಳು. ಇಬ್ಬರೂ ಒಳಗೆ ಕರೆದರು, ಚಹಾ ಕೊಟ್ಟರು, ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಎಂದು ಅವಳು ಆಮೇಲೆ ತನ್ನ ತಂಗಿಗೆ ಹೇಳಿದಳಂತೆ.

ಮೂರನೆಯ ಸಲ ಕರೆದಾಗ ಬೇರೆ ಜಿಲ್ಲೆಯವನೊಬ್ಬ ಒಂಟಿಯಾಗಿ ಬಂದು ಗುತ್ತಿಗೆ ಹಿಡಿದ. ಹಬ್ಬಕ್ಕೆ ಮೊದಲೇ ಎರಡು ಲಾರಿಗಳೂ ಅಂಗಳ ಬಿಟ್ಟು ಹೋದವು.

ಇಷ್ಟು ಹೇಳಿ ಆ-ಮೀ ಚೂರಿಯನ್ನು ನೀರಿನಲ್ಲಿ ಅದ್ದಿದಳು. ಕೊಟ್ಟಿಗೆಯಲ್ಲಿ ಎಲ್ಲರ ಕೈಯೂ ನಿಂತಿತ್ತು. ಹೊಸದಾಗಿ ಮದುವೆಯಾಗಿ ಬಂದಿದ್ದ ಸೊಸೆಯೊಬ್ಬಳಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ.

"ಅಜ್ಜಿ, ಅವಳೊಬ್ಬಳೇ ಹೋಗಿದ್ರೆ ಸಿಕ್ತಿತ್ತಾ?"

"ಸಿಕ್ತಿತ್ತು."

"ಯಾರನ್ನೂ ಕರೀದೇನೇ?"

"ಕರೀದೇನೇ."

"ಮತ್ತೆ ಯಾಕೆ ಯಾರೂ ಹೇಳ್ಲಿಲ್ಲ ಅವಳಿಗೆ?"

"ಬಾಗಿಲಲ್ಲಿ ಅಂಟಿಸಿದ್ರಲ್ಲ ಮಗಾ," ಎಂದಳು ಆ-ಮೀ.

ಹೊರಗೆ ಕಡಲ ಗಾಳಿ ಎದ್ದಿತ್ತು. ಒಬ್ಬಳು ಬುಟ್ಟಿಯ ಮೇಲೆ ಒದ್ದೆ ಗೋಣಿ ಹೊದಿಸಿದಳು, ಇನ್ನೊಬ್ಬಳು ಚೂರಿಗಳನ್ನು ತೊಳೆದಳು. ಆಮೇಲೆ ಒಬ್ಬೊಬ್ಬರಾಗಿ ಎದ್ದು, ಮಡಿಲಿಗೆ ಕಟ್ಟಿದ್ದ ಬಟ್ಟೆ ಕೊಡವಿಕೊಂಡು, ಮನೆಗಳಿಗೆ ಹೋದರು.