ಬರಿಗಾಲಿನ ವೇದಿಕೆ

ಎಲ್ಲೋ ಒಂದು ಊರಲ್ಲಿ, ಯಾವುದೋ ಒಂದು ಕಾಲದಲ್ಲಿ, ಒಬ್ಬ ರಾಕ್ಷಸ ಒಂದು ನಿಜವನ್ನು ನುಂಗಿಬಿಟ್ಟಿದ್ದನಂತೆ. ಹೊಟ್ಟೆ ಬಗೆದು ತೆಗೆಯೋಣವೆಂದರೆ ನಿಜವೂ ಸತ್ತುಹೋಗುತ್ತದೆ. ಅವನ ಬಾಯಿಂದಲೇ, ನಾಲ್ಕು ಜನ ಕೇಳುವ ಹಾಗೆ, ಅದು ಹೊರಗೆ ಬರಬೇಕು. ಬರಿಸುತ್ತೇನೆ ಎಂದು ಒಬ್ಬಳು ಹುಡುಗಿ ತನ್ನ ಅಜ್ಜಿಯ ಕೈ ಮೇಲೆ ಕೈಯಿಟ್ಟು ಭಾಷೆ ಕೊಟ್ಟಳಂತೆ.

ನನ್ನಜ್ಜಿ ಈ ಕಥೆಯನ್ನು ಎಂಜಲು ತಟ್ಟೆ ತೊಳೆಯುತ್ತ ಹೇಳುತ್ತಿದ್ದಳು. ಅವಳ ಕಥೆಗಳ ಬೇರೆ ರಾಕ್ಷಸರೆಲ್ಲ ಕಾಡಿನಲ್ಲಿದ್ದರು. ಇವನೊಬ್ಬ ಮಾತ್ರ ಬಿಳಿ ಪ್ಯಾಂಟು ಹಾಕಿ, ಸೆಂಟು ಬಳಿದುಕೊಂಡು ಓಡಾಡುತ್ತಿದ್ದ.

"ಚಪ್ಪಲಿ ಬಿಚ್ಚೇ, ದರಿದ್ರದವಳೇ! ಇದೇನು ನಿಮ್ಮಪ್ಪನ ಮನೆ ಹಿತ್ತಿಲು ಅಂದ್ಕೊಂಡ್ಯಾ?"

ಫಂಕ್ಷನ್ ಹಾಲಿನ ಮಾಲೀಕ, ಸಾಹುಕಾರ, ವೇದಿಕೆಯ ಕೆಳಗೆ ನಿಂತು ಕೂಗುತ್ತಿದ್ದ. ಹಾಲಿಗೆ ಹೊಸ ಬಣ್ಣ, ವೇದಿಕೆಗೆ ಹೊಸ ಕಲ್ಲು. ಮಧ್ಯಾಹ್ನ ಅವನ ನೆಂಟರು, ಸ್ನೇಹಿತರು, ದೊಡ್ಡ ಅಧಿಕಾರಿಗಳು ಎಲ್ಲ ಊಟಕ್ಕೆ ಬರುವವರಿದ್ದರು. ನಮ್ಮದು ವಾದ್ಯ. ಚಿಕ್ಕಪ್ಪನ ಡ್ರಮ್ಸು, ಅಣ್ಣನ ಹಾಡು ಮತ್ತು ಗಿಟಾರು, ನನ್ನ ಬೇಸ್ ಗಿಟಾರು.

"ನೆಲ ಒದ್ದೆ ಇದೆ ಸಾಹುಕಾರ್ರೇ. ಈಗಷ್ಟೇ ಒರೆಸಿದಾರೆ," ಅಂದೆ.

"ಒದ್ದೆ ಇದ್ರೆ ಕರಗಿ ಹೋಗ್ತೀಯೇನು, ಬೆಲ್ಲದ ಅಚ್ಚು? ನಿಮ್ಮ ಚಪ್ಪಲಿ ಎಲ್ಲೆಲ್ಲಿ ತುಳ್ಕೊಂಡು ಬಂದಿರುತ್ತೋ ನಂಗೊತ್ತು. ಬಿಚ್ಚು!"

ಚಿಕ್ಕಪ್ಪ ಡ್ರಮ್ಮಿನ ತಿರುಪು ಬಿಗಿಯುತ್ತ ತಲೆಯೆತ್ತದೆ ಹೇಳಿದ. "ಬಿಚ್ಚು ಮಗಾ. ಕೋಣೆ ಅವ್ರದ್ದು."

ನಾವಿದ್ದ ಕೋಣೆ ಹಾಲಿನ ಹಿಂಬದಿಗೆ ಅಂಟಿಕೊಂಡಿತ್ತು. ಪಾತ್ರೆ ತೊಳೆಯುವ ಕಟ್ಟೆ, ಅದರಾಚೆ ನಮ್ಮ ಬಾಗಿಲು. ಅಜ್ಜಿ ತಟ್ಟೆ ತೊಳೆದರೆ, ನಾವು ಕರೆದಾಗಲೆಲ್ಲ ಬಾರಿಸಿದರೆ, ಕೋಣೆ ನಮ್ಮದು. ಇಲ್ಲವಾದರೆ ಬೀದಿ.

ಚಪ್ಪಲಿಯೆಂದರೆ ನಮಗೆ ಬರೀ ಚಪ್ಪಲಿಯಲ್ಲ. ಆ ಹಾಲಿನ ಗೋಡೆಯಲ್ಲಿ ಅರ್ತ್ ವೈರೇ ಇಲ್ಲ. ಬೇಸಿನ ಹಳೇ ಆಂಪ್ಲಿಫೈಯರಿನಿಂದ ಕರೆಂಟು ಸೋರಿ ತಂತಿಗಳ ತನಕ ಬರುತ್ತದೆ. ರಬ್ಬರ್ ಚಪ್ಪಲಿಯಿದ್ದರೆ ಬೆರಳಿಗೆ ಇರುವೆ ಹರಿದ ಹಾಗೆ, ಅಷ್ಟೆ. ಹಾಗಾಗಿ ಬೇರೆಯವರು ವಾದ್ಯಕ್ಕೆ ಶ್ರುತಿ ಮಾಡುವ ಮೊದಲು ನಾವು ಕಾಲು ನೋಡಿಕೊಳ್ಳುತ್ತೇವೆ.

ನಾನು ಚಪ್ಪಲಿ ಬಿಟ್ಟೆ. ಅಡುಗೆಮನೆಯಿಂದ ಮರದ ಸ್ಟೂಲು ತಂದು, ಪಾದಗಳನ್ನು ಅದರ ಅಡ್ಡಪಟ್ಟಿಯ ಮೇಲಿಟ್ಟು ಕೂತೆ. ನೆಲಕ್ಕೂ ನನಗೂ ಸಂಬಂಧವಿಲ್ಲ.

ಅಪ್ಪ ಹೀಗೇ ಕೂತು ನನಗೆ ಕಲಿಸಿದ್ದು. ಬೇಸ್ ನನಗಿಂತ ಉದ್ದವಿದ್ದ ಕಾಲ. ತಂತಿ ಒತ್ತಲು ಎರಡೂ ಕೈ ಬೇಕಾಗುತ್ತಿತ್ತು. "ಹಾಡೋನು ಮೆರವಣಿಗೆ, ನೀನು ರಸ್ತೆ," ಅನ್ನುತ್ತಿದ್ದ ಅಪ್ಪ. "ರಸ್ತೆ ಯಾರೂ ನೋಡಲ್ಲ ಪುಟ್ಟಿ. ಗುಂಡಿ ಬಿದ್ರೆ ಮಾತ್ರ ನೋಡ್ತಾರೆ." ನಿಜವೇ. ಅಂಗಡಿ ಉದ್ಘಾಟನೆ, ಹುಟ್ಟಿದಹಬ್ಬ, ನಿವೃತ್ತಿಯ ಪಾರ್ಟಿ, ಎಲ್ಲೆಲ್ಲಿ ಬಾರಿಸಿಲ್ಲ ನಾನು! ಆ ಫೋಟೋಗಳಲ್ಲೆಲ್ಲ ಅಣ್ಣನ ಹಲ್ಲು, ಚಿಕ್ಕಪ್ಪನ ಕೂದಲು. ಅಂಚಿನಲ್ಲಿ ನನ್ನ ಮೊಣಕೈ. ಈ ಊರಿನ ಅತ್ಯಂತ ಪ್ರಸಿದ್ಧ ಮೊಣಕೈ ನನ್ನದು.

ಅಪ್ಪ ಇದೇ ವೇದಿಕೆಯ ಮೇಲೆ ಸತ್ತ. ಆ ದಿನವೂ ನೆಲ ಒರೆಸಿದ್ದರು, ಆ ದಿನವೂ ಸಾಹುಕಾರ ಚಪ್ಪಲಿ ಬಿಚ್ಚಿಸಿದ್ದ. ಮೊದಲ ಹಾಡಿಗೆ ಅಪ್ಪ ತಂತಿ ಹಿಡಿದ, ಬಿಡಲಾಗಲಿಲ್ಲ. ಪೊಲೀಸರು ಬಂದಾಗ ಸಾಹುಕಾರ ಮೂಗು ಮುಚ್ಚಿಕೊಂಡು, "ಕುಡುಕ ನನ್ಮಗ, ಕುಡಿದು ಬಿದ್ದು ಸತ್ತ" ಅಂದ. ಅವರು ಚಿಕ್ಕಪ್ಪನ ಮುಖ ನೋಡಿದರು. ಚಿಕ್ಕಪ್ಪ ಕೋಣೆಯ ಕಡೆಗೊಮ್ಮೆ ನೋಡಿ, ಹೌದೆಂದು ತಲೆಯಾಡಿಸಿದ.

ಅಪ್ಪ ಹನಿ ಹೆಂಡ ಮುಟ್ಟಿದವನಲ್ಲ. ಆದರೂ ಅಂದಿನಿಂದ ನಾನು ಕುಡುಕನ ಮಗಳು, ಅಜ್ಜಿ ಕುಡುಕನ ತಾಯಿ. ಅವಳು ತಟ್ಟೆ ತೊಳೆಯುವ ಕಟ್ಟೆಯ ಮೇಲೆ, ಗೋಡೆಯಲ್ಲಿ, ಹಾಲಿನ ಇನ್ನೊಂದು ಸ್ಪೀಕರಿದೆ. ಅದನ್ನು ತೋರಿಸಿ ಅಜ್ಜಿ ನನ್ನಿಂದ ಭಾಷೆ ತೆಗೆದುಕೊಂಡಳು: "ಅವ್ನ ಬಾಯಿಂದ್ಲೇ ಬರ್ಬೇಕು. ಇದರಲ್ಲಿ ನಾನು ಕೇಳ್ಬೇಕು. ಅಲ್ಲೀತನಕ ಸಾಯಲ್ಲ ನೋಡು."

ಹಾಲು ಜನರಿಂದ ತುಂಬಿತು. ನಾವು ಬಾರಿಸಿದೆವು. ಯಾರೂ ಕೇಳಲಿಲ್ಲ, ತಿಂದರು. ಆಮೇಲೆ ಸಾಹುಕಾರ ಭಾಷಣಕ್ಕೆ ಬಂದ. ಮೆಟ್ಟಿಲ ಬಳಿ ಎಲ್ಲರಿಗೂ ಕಾಣುವ ಹಾಗೆ ತನ್ನ ಬೂಟು, ಕಾಲುಚೀಲ ಕಳಚಿಟ್ಟ.

"ನನ್ನ ವೇದಿಕೆ ಮೇಲೆ ನಾನೂ ಬರಿಗಾಲೇ!" ಅಂದ ಮೈಕಿನಲ್ಲಿ. ಜನ ಚಪ್ಪಾಳೆ ತಟ್ಟಿದರು. ಯಾರದೋ ಶರಬತ್ತು ಚೆಲ್ಲಿ, ನೆಲವನ್ನು ಆಗಷ್ಟೇ ಮತ್ತೆ ಒರೆಸಿದ್ದರು. ಅವನ ಪಾದದ ಗುರುತು ಒದ್ದೆ ಕಲ್ಲಿನ ಮೇಲೆ ಮೂಡುತ್ತ ಬಂತು.

ಆಗ ಅವನ ಕಣ್ಣು ನನ್ನ ಮೇಲೆ ಬಿತ್ತು.

"ನೋಡ್ರಪ್ಪ, ಮಹಾರಾಣಿಯವ್ರನ್ನ! ನಾನು ನಿಂತಿದೀನಿ, ಇವಳು ಪೀಠದ ಮೇಲೆ!" ಜನ ನಕ್ಕರು. ಅವನು ನಗಲಿಲ್ಲ. "ಇಳಿಯೇ ಕೆಳಗೆ. ನಿಂತ್ಕೊಂಡು ಬಾರ್ಸು."

ಬೇಸ್ ನನ್ನ ಕೊರಳಲ್ಲಿತ್ತು. ತಂತಿಯ ಮೇಲೆ ಬೆರಳು ಜುಮುಗುಟ್ಟುತ್ತಿತ್ತು.

"ಅವಳು ಕೂತೇ ಬಾರಿಸ್ಲಿ ಬಿಡಿ ಸಾಹುಕಾರ್ರೇ," ಅಣ್ಣ ಹಲ್ಲು ಕಿರಿದ.

"ನಿನ್ನ ಕೇಳಿದ್ನೇನೋ ಬೋಳಿಮಗನೇ? ಇಳೀತೀಯೋ, ಸ್ಟೂಲು ಒದೀಲೋ?"

ಅವನ ಕಾಲು ಎದ್ದಿತ್ತು. ಅಜ್ಜಿಯ ಕಥೆಗಳಲ್ಲಿ ಇಂಥ ಹೊತ್ತಿಗೆ ಒಂದು ಹಕ್ಕಿ ಬಂದು ಉಪಾಯ ಹೇಳುತ್ತದೆ. ಯಾವ ಹಕ್ಕಿಯೂ ಬರಲಿಲ್ಲ. ನಾನು ಕೊರಳಿನಿಂದ ಪಟ್ಟಿ ತೆಗೆದೆ. ಬೇಸಿನ ಮರದ ಮೈಯನ್ನು ಎರಡೂ ಕೈಯಲ್ಲಿ ಹಿಡಿದು, ತಂತಿಯ ಕಡೆಯನ್ನು ಅವನತ್ತ ಚಾಚಿದೆ.

"ಇಳೀತೀನಿ ಸಾಹುಕಾರ್ರೇ. ಒಂದ್ನಿಮಿಷ ಇದನ್ನ ಹಿಡ್ಕೊಳ್ಳಿ."

ಅವನ ಕಾಲು ಮೆಲ್ಲಗೆ ಕೆಳಗಿಳಿಯಿತು.

"ಹಿಡ್ಕೊಳ್ಳಿ ಸಾರ್!" ಕ್ಯಾಮೆರಾದವನು ಕೆಳಗಿನಿಂದ ಕೂಗಿದ. "ಒಳ್ಳೇ ಪೋಸು!"

ಸಾಹುಕಾರ ಒಂದು ಹೆಜ್ಜೆ ಹಿಂದೆ ಸರಿದ. ಮೈಕಿನ ಕಂಬ ಅವನ ಬೆನ್ನಿಗೆ ತಾಗಿತು.

"ಆ ಡಬ್ಬ ಆಫ್ ಮಾಡೇ ಮೊದ್ಲು."

"ಯಾಕೆ?"

"ಆಫ್ ಮಾಡು ಅಂದ್ರೆ ಮಾಡು!"

"ಮಾಡಮ್ಮ, ಕಾಲಿಗೆ ಬೀಳ್ತೀನಿ," ಚಿಕ್ಕಪ್ಪ ಹಿಂದಿನಿಂದ ಅಂದ. ಆಂಪ್ಲಿಫೈಯರಿನ ಸ್ವಿಚ್ಚು ನನ್ನ ಕೈಗೆಟಕುವಷ್ಟು ಹತ್ತಿರದಲ್ಲೇ ಇತ್ತು. ನಾನು ಬೇಸನ್ನು ಇನ್ನಷ್ಟು ಚಾಚಿದೆ. ತಂತಿಗಳು ಅವನ ಅಂಗಿಯ ಗುಂಡಿಯಿಂದ ಗೇಣು ದೂರದಲ್ಲಿ ನಿಂತವು.

"ಹಿಡ್ಕೊಳ್ಳಿ. ನೀವೇನು ಕುಡಿದಿಲ್ವಲ್ಲ."

ಅವನು ತನ್ನ ಒದ್ದೆ ಪಾದ ನೋಡಿಕೊಂಡ, ನನ್ನನ್ನು ನೋಡಿದ. ಆಮೇಲೆ ಬಾಯಿ ಹರಿದುಹೋಗುವ ಹಾಗೆ ಕಿರುಚಿದ:

"ನೆಲ ಒದ್ದೆ ಇದೆ ಕಣೇ, ಹಾದರಗಿತ್ತಿ! ಬರಿಗಾಲಲ್ಲಿ ತಂತಿ ಹಿಡಿದು, ಕರೆಂಟ್ ಹೊಡೆದು ನಿಮ್ಮಪ್ಪ ಸತ್ತಂಗೆ ನಾನೂ ಸಾಯ್ಬೇಕೇನೇ?"

ಮೈಕು ಅವನ ಹೆಗಲ ಪಕ್ಕದಲ್ಲೇ ಇತ್ತು. ಮಾತು ಎಡಗಡೆಯ ಸ್ಪೀಕರಿನಿಂದ ಬಂತು, ಬಲಗಡೆಯಿಂದ ಬಂತು. ಹೊಸ ಬಣ್ಣದ ಗೋಡೆಗೆ ತಾಗಿ ವಾಪಸು ಬಂತು. ಜನರ ಚಮಚಗಳು ತಟ್ಟೆಯ ಮೇಲೆ ನಿಂತವು. ಚಿಕ್ಕಪ್ಪನ ಕೈಯಿಂದ ಕೋಲು ಜಾರಿ ಉರುಳಿಕೊಂಡು ಹೋಯಿತು.

ಹಿಂಬದಿಯಲ್ಲಿ, ತಟ್ಟೆ ತೊಳೆಯುವ ಕಟ್ಟೆಯ ಬಳಿ, ಬೆಳಗಿನಿಂದ ಸುರಿಯುತ್ತಲೇ ಇದ್ದ ನಲ್ಲಿಯನ್ನು ಯಾರೋ ತಿರುಗಿಸಿ ನಿಲ್ಲಿಸಿದ ಸದ್ದು ಕೇಳಿತು.