ಮೊದಲು ತಿಂಗಳು, ಆಮೇಲೆ ತಾರೀಕು

"ಬೀಪ್ ಅಂದ ತಕ್ಷಣ ಡಿಲೀಟ್ ಒತ್ಬುಡಿ ಸಾ. ಒಸಿ ತಡ ಆದ್ರೂ ತಪ್ಪೋಯ್ತದೆ," ಎಂದು ತೇಜಶ್ರೀ ಹೊಸ್ತಿಲಾಚೆಯಿಂದ ಮೂರನೇ ಸಲ ಹೇಳಿದಳು.

ನಡುಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ತಿರುನಾರಾಯಣರು ತೋರುಬೆರಳನ್ನು ಆ ಗುಂಡಿಯ ಮೇಲಿಟ್ಟುಕೊಂಡು ಉಸಿರು ಬಿಗಿಹಿಡಿದಿದ್ದರು. ಎರಡು ಸಲ ಗುರಿ ತಪ್ಪಿತ್ತು. ಈ ಸಲ ಬೀಪ್ ಅನ್ನುವ ಮೊದಲೇ ಅವಲಕ್ಕಿ ಕುಟ್ಟುವ ಹಾಗೆ ಕುಟ್ಟತೊಡಗಿದರು. ಪರದೆ ನೀಲಿಯಾಯಿತು.

"ಬಂತಮ್ಮ ನೀಲಿ ಪರದೆ. ರಾಶಿ ಇಂಗ್ಲಿಷ್ ಇದೆ."

"ಅದೇ ಸಾ ಬಯಾಸು. ಬೋರ್ಡು ಹೊಸದಲ್ವಾ, ಅದ್ಕೆ ಇನ್ನೂ ಏನೂ ಗೊತ್ತಿಲ್ಲ. ನಾವೇ ಒಂದೊಂದಾಗಿ ಯೋಳ್ಕೊಡ್ಬೇಕು."

ಅವಳು ಹಾಸನದ ಪುಟ್ಟಸ್ವಾಮಿಯ ಕಂಪ್ಯೂಟರ್ ಅಂಗಡಿಯಿಂದ ಬಂದವಳು. ಗಣೇಶನ ಹಬ್ಬದ ಹಿಂದಿನ ದಿನ ಹೊಳೆನರಸೀಪುರಕ್ಕೆ ಬಡಿದ ಸಿಡಿಲಿಗೆ ತಿರುನಾರಾಯಣರ ಕಂಪ್ಯೂಟರಿನ ಮದರ್‌ಬೋರ್ಡು ಸುಟ್ಟುಹೋಗಿತ್ತು. ಹೊಸದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿಳಿದ ಅವಳನ್ನು ತಿರುನಾರಾಯಣರ ಹೆಂಡತಿ ಶ್ರೀರಂಗಮ್ಮ ಜಗಲಿಯಲ್ಲೇ ನಿಲ್ಲಿಸಿ, "ಯಾವೂರಮ್ಮ? ಯಾರ ಮಗಳು?" ಎಂದು ವಿಚಾರಿಸಿದ್ದರು. "ಅಳೇಕೋಟೆ ಕಣಮ್ಮ. ದ್ಯಾವಯ್ಯನ ಮಗ್ಳು" ಎಂದಿದ್ದಳು. ಮಿಕ್ಕಿದ್ದನ್ನು ಅವಳ ಬ್ಯಾಗಿನ ಜಿಪ್ಪಿಗೆ ನೇತುಬಿದ್ದಿದ್ದ ಪುಟ್ಟ ಬುದ್ಧನ ಬಿಲ್ಲೆ ಹೇಳಿತು.

ಒಳಗೆ ಬರಬೇಡ ಎಂದು ಯಾರೂ ಅನ್ನಲಿಲ್ಲ. ಹಾಗೆ ಅನ್ನುವ ಕಾಲ ಹೋಯಿತು ಎಂಬುದು ಆ ಮನೆಗೂ ಗೊತ್ತಿತ್ತು. ಆದರೆ ಕಂಪ್ಯೂಟರ್ ಇದ್ದದ್ದು ದೇವರ ಮನೆಯ ಪಕ್ಕದಲ್ಲಿ. ತಿರುನಾರಾಯಣರೇ ಅದರ ಡಬ್ಬವನ್ನು ಕೂಸಿನ ಹಾಗೆ ಎತ್ತಿಕೊಂಡು ಬಂದು ಜಗಲಿಯಲ್ಲಿಟ್ಟರು. ಅವಳು ಅಲ್ಲೇ ಕೂತು ಸುಟ್ಟ ಬೋರ್ಡು ಬಿಚ್ಚಿ, ಹೊಸದನ್ನು ಕೂರಿಸಿ, ಸ್ಕ್ರೂ ಬಿಗಿದು ಕೊಟ್ಟಳು. ಮತ್ತೆ ಅವರೇ ಎತ್ತಿಕೊಂಡು ಹೋಗಿ ಅವಳು ಹೇಳಿದ ಹಾಗೆ ವೈರುಗಳನ್ನು ಸಿಕ್ಕಿಸಿದರು. ಮಡಿಯೂ ಉಳಿಯಿತು, ಮರ್ಯಾದೆಯೂ ಉಳಿಯಿತು ಎಂದು ಮನಸ್ಸಿನಲ್ಲೇ ಬೀಗಿದರು. ಪರದೆ ಮಾತ್ರ ಬಾಗಿಲಿಗೆ ಬೆನ್ನು ಹಾಕಿತ್ತು. ಹೊಸ್ತಿಲಾಚೆ ನಿಂತವಳಿಗೆ ಕಾಣುತ್ತಿದ್ದದ್ದು ಅವರ ಮುಖ ಒಂದೇ.

ಅವರು ಓದಿ ಹೇಳುವುದು, ಅವಳು ಏನು ಒತ್ತಬೇಕೆಂದು ಕೂಗಿ ಹೇಳುವುದು, ಹೀಗೆ ಕೆಲಸ ಸಾಗಿತು. ಮೊದಲು ಫ್ಲಾಪಿಯನ್ನು ಹುಡುಕುತ್ತಿದ್ದ ಯಂತ್ರಕ್ಕೆ ಮೊದಲು ಹಾರ್ಡ್ ಡಿಸ್ಕ್ ನೋಡು ಎಂದು ಹೇಳಿಕೊಟ್ಟದ್ದಾಯಿತು.

"ಈಗ ತಾರೀಕು ಸಾ. ಎಂಗೈತೆ, ಓದಿ."

"ಸೊನ್ನೆ ಒಂದು, ಸೊನ್ನೆ ಒಂದು, ಎರಡು ಸಾವಿರದ ಮೂರು."

"ಅದ್ರಾಗೆ ಮೊದ್ಲು ತಿಂ..."

"ತಾರೀಕು ಹಾಕೋದನ್ನ ನನಗೆ ಹೇಳ್ಕೊಡಬೇಡಮ್ಮ," ತಿರುನಾರಾಯಣರು ನಕ್ಕರು. "ಏಳು ತಲೆಮಾರಿಂದ ಪಂಚಾಂಗ ಗುಣಿಸಿದ ಮನೆ ಇದು."

ಎದುರು ಮನೆಯ ಜಗಲಿಯಲ್ಲಿ ಪೇಪರ್ ಓದುತ್ತಿದ್ದ ರಿಟೈರ್ಡ್ ಪೋಸ್ಟ್ ಮಾಸ್ಟರ್ ಕೃಷ್ಣಪ್ಪನೂ ಗಹಗಹಿಸಿದ. ತೇಜಶ್ರೀ ಬಾಯಿ ಮುಚ್ಚಿಕೊಂಡಳು.

ಅಂದು ಸೆಪ್ಟೆಂಬರ್ ಐದು, ಶುಕ್ರವಾರ. ತಿರುನಾರಾಯಣರು ಮೊದಲು ಐದನ್ನು ಒತ್ತಿದರು, ಆಮೇಲೆ ಒಂಬತ್ತನ್ನು. ಪಕ್ಕದಲ್ಲಿದ್ದ ವಾರ ತಾನಾಗಿಯೇ ಬದಲಾಗಿ ಶುಕ್ರವಾರ ಎಂದು ತೋರಿಸಿತು.

"ಒಂದ್ಕಿತ ಬಂದು ನೋಡ್ಬುಟ್ಟು ಓಗ್ಲಾ ಸಾ?"

"ಬೇಡಮ್ಮ. ಶುಕ್ರವಾರ ಅಂತ ಅದೇ ಹೇಳ್ತಿದೆ. ವಾರ ಸರಿ ಇದ್ದ ಮೇಲೆ ಇನ್ನೇನು?"

ಶ್ರೀರಂಗಮ್ಮ ಹಳೆಯ ಸ್ಟೀಲ್ ಲೋಟದಲ್ಲಿ ಕಾಫಿ ತಂದು ಜಗಲಿಯ ಅಂಚಿಗಿಟ್ಟರು. ಹೂವಿನವರಿಗೆ, ಸೊಪ್ಪಿನವರಿಗೆ ಎಂದು ಬೇರೆ ಇಟ್ಟಿದ್ದ ಲೋಟ ಅದು. ತೇಜಶ್ರೀ ಕುಡಿದು, ಅಂಗಳದ ನಲ್ಲಿಯಲ್ಲಿ ತಾನೇ ತೊಳೆದು, ಜಗಲಿಯ ಅದೇ ಅಂಚಿನಲ್ಲಿ ಬೋರಲು ಹಾಕಿ, ನಾಲ್ಕು ಗಂಟೆಯ ಬಸ್ಸಿಗೆ ಹೋದಳು. ತೊಳೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ತಿರುನಾರಾಯಣರು ಹೈಸ್ಕೂಲಿನ ಸಂಸ್ಕೃತ ಮೇಷ್ಟರಾಗಿದ್ದು ನಿವೃತ್ತರಾದವರು. ಜೋಯಿಸಿಕೆ ಮನೆತನದಿಂದ ಬಂದದ್ದು. ಯಾರಾದರೂ ಬಂದು ಪ್ರಶ್ನೆ ಕೇಳಿದರೆ, ಕೇಳಿದ ಆ ಗಳಿಗೆಗೇ ಕುಂಡಲಿ ಹಾಕಿ ಉತ್ತರ ಹೇಳುವುದರಲ್ಲಿ ಅವರ ಮನೆಗೆ ದೊಡ್ಡ ಹೆಸರು. ಅವರ ತಂದೆ ಅದನ್ನು ಬೆರಳಿನಲ್ಲಿ ಗುಣಿಸುತ್ತಿದ್ದರು. ಇವರು ಎರಡು ವರ್ಷದಿಂದ ಗುಂಡಿ ಒತ್ತುತ್ತಿದ್ದರು. ದಿನ, ಗಳಿಗೆಗಳನ್ನು ಕಂಪ್ಯೂಟರೇ ತನ್ನೊಳಗಿನ ಗಡಿಯಾರದಿಂದ ತೆಗೆದುಕೊಂಡು ಕುಂಡಲಿಯನ್ನೂ ಉತ್ತರವನ್ನೂ ಅಚ್ಚು ಹಾಕಿ ಕೊಡುತ್ತಿತ್ತು. ಬೆರಳುಗಳಿಗೆ ಮೆಲ್ಲಗೆ ಲೆಕ್ಕ ಮರೆಯುತ್ತಿತ್ತು.

ಮಂಗಳವಾರ ಚನ್ನರಾಯಪಟ್ಟಣದಿಂದ ಸುವರ್ಣಮ್ಮ ಎಂಬ ನರ್ಸು ತನ್ನ ವರ್ಗಾವಣೆಯ ವಿಷಯ ಕೇಳಲು ಬಂದಳು. ತಿರುನಾರಾಯಣರು ಗುಂಡಿ ಒತ್ತಿ, ಬಂದ ಹಾಳೆಯನ್ನು ರಾಗವಾಗಿ ಓದಿ ಹೇಳಿದರು. ಜಗಲಿಯಲ್ಲಿ ಚಪ್ಪಲಿ ಮೆಟ್ಟುತ್ತಿದ್ದವಳ ಕೈಯಿಂದ ಆ ಹಾಳೆಯನ್ನು ಕೃಷ್ಣಪ್ಪ ಸುಮ್ಮನೆ ಕುತೂಹಲಕ್ಕೆ ಇಸಿದುಕೊಂಡು ನೋಡಿದ. ಅವನಿಗೂ ಅಷ್ಟಿಷ್ಟು ಪಂಚಾಂಗ ಬರುತ್ತಿತ್ತು.

"ಏನಯ್ಯಾ ತಿರುನಾರಾಯಣ!" ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. "ಭಾದ್ರಪದದಲ್ಲಿ ಸೂರ್ಯನ್ನ ತಗೊಂಡು ಹೋಗಿ ಮೇಷದಲ್ಲಿ ಕೂರ್ಸಿದೀಯಲ್ಲ! ಸಿಂಹದಲ್ಲಿರಬೇಕಾದೋನು ನಾಲ್ಕು ಮನೆ ಹಿಂದಕ್ಕೆ ನಡಕೊಂಡು ಹೋದನೇನಯ್ಯ?"

ತಿರುನಾರಾಯಣರು ಹಾಳೆ ನೋಡಿದರು. ನಿಜ. ಪಾಠಕ್ಕೆ ಕೂತ ಮೊದಲ ವಾರದ ಮಗುವೂ ಹಿಡಿಯುವ ತಪ್ಪು. ಅವರು ಉತ್ತರವನ್ನಷ್ಟೇ ಓದಿದ್ದರು, ಕುಂಡಲಿಯತ್ತ ಕಣ್ಣನ್ನೇ ಹಾಯಿಸಿರಲಿಲ್ಲ. ಸುವರ್ಣಮ್ಮ ಹಾಳೆಯನ್ನು ವಾಪಸು ತೆಗೆದುಕೊಳ್ಳದೆ, "ಇನ್ನೊಂದಿನ ಬರ್ತೀನಿ ಬಿಡಿ ಸಾರ್" ಎಂದು ಮೆಟ್ಟಿಲಿಳಿದಳು. ಶನಿವಾರದಿಂದ ಇನ್ನೂ ನಾಲ್ಕು ಜನ ಅಂಥದೇ ಹಾಳೆಗಳನ್ನು ಕಣ್ಣಿಗೊತ್ತಿಕೊಂಡು ಹೋಗಿದ್ದರು.

"ಬೋರ್ಡು," ಎಂದುಬಿಟ್ಟರು ತಿರುನಾರಾಯಣರು. "ಆ ಹುಡುಗಿ ಅದೇನು ಹಾಕಿ ಹೋದಳೋ."

"ಅಂಥೋರ ಕೈಲಿ ಹಾಕಿಸಿದ್ರೆ ಇನ್ನೇನಾಗುತ್ತೆ?" ಎಂದ ಕೃಷ್ಣಪ್ಪ.

ತಿರುನಾರಾಯಣರು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಒಳಗೆ ಹೋಗಿ ಒಮ್ಮೆ ತಾರೀಕು ನೋಡಬೇಕು ಅನಿಸಿತು. ನೋಡುವ ಧೈರ್ಯ ಬರಲಿಲ್ಲ. ಬದಲಿಗೆ ಹಾಸನಕ್ಕೆ ಫೋನು ತಿರುಗಿಸಿ ಪುಟ್ಟಸ್ವಾಮಿಯ ಮೇಲೆ ಹರಿಹಾಯ್ದರು.

"ನಾಡಿದ್ದು ಅವಳನ್ನೇ ಕಳಿಸ್ತೀನಿ ಸಾರ್," ಎಂದ ಪುಟ್ಟಸ್ವಾಮಿ. "ಅವಳದೇ ತಪ್ಪು ಅಂತಾದ್ರೆ ಅದೇ ಕೊನೆ. ಹುಡುಗೀನ ಇಂಥ ಕೆಲಸಕ್ಕೆ ಇಟ್ಕೋಬೇಡ ಅಂತ ಎಲ್ರೂ ಅಂದಿದ್ರು, ನಾನೇ ಕೇಳಲಿಲ್ಲ."

ಫೋನಿಟ್ಟು ತಿರುಗಿದರೆ ಅಡುಗೆಮನೆಯ ಬಾಗಿಲಲ್ಲಿ ಶ್ರೀರಂಗಮ್ಮ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ತನಗೆ ತಾನೇ ಹೇಳಿಕೊಂಡು ಒಳಗೆ ಹೋದರು. ಅವರಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ. ಗಂಡ ಗೊತ್ತಿತ್ತು.

ಗುರುವಾರ ಬಂದ ತೇಜಶ್ರೀ ಜಗಲಿಯಲ್ಲಿ ಕೂರಲಿಲ್ಲ. ನೇರ ಹೊಸ್ತಿಲ ಬಳಿ ನಿಂತಳು. "ಡಿಲೀಟ್ ಒತ್ತಿ ಸಾ. ತಾರೀಕು ಎಂಗೈತೆ, ಓದಿ," ಎಂದಳು, ಬೇರೇನನ್ನೂ ಕೇಳದೆ.

ಈ ಸಲ ಮೊದಲ ಏಟಿಗೇ ನೀಲಿ ಪರದೆ ಬಂತು. ಸೊನ್ನೆ ಐದು, ಹದಿನೈದು. ಓದಲು ತೆರೆದ ಬಾಯಿ ಹಾಗೇ ನಿಂತಿತು. ಹದಿನೈದನೆಯ ತಿಂಗಳು ಯಾವ ಪಂಚಾಂಗದಲ್ಲೂ ಇಲ್ಲ. ಹಾಗಾದರೆ ಮುಂದಿದ್ದ ಐದೇ ತಿಂಗಳು. ಮೇ ತಿಂಗಳು! ಸೆಪ್ಟೆಂಬರ್ ಐದಕ್ಕೂ ಶುಕ್ರವಾರ, ಮೇ ಒಂಬತ್ತಕ್ಕೂ ಶುಕ್ರವಾರ. ಆ ವಾರವನ್ನು ನಂಬಿ ಏಳು ತಲೆಮಾರನ್ನು ಜಗಲಿಗೆ ತಂದು ನಿಲ್ಲಿಸಿದ್ದು ತಾನು. "ಮೊದ್ಲು ತಿಂ..." ಎಂದು ಅವಳು ತೆಗೆದ ಬಾಯಿಯನ್ನು ಮುಚ್ಚಿಸಿದ್ದೂ ತಾನೇ.

ಅರವತ್ತೊಂದು ವರ್ಷದ ಬಾಳಿನಲ್ಲಿ ಇಷ್ಟು ನಾಚಿಕೆಯಾದದ್ದು ಅವರಿಗೆ ನೆನಪಿರಲಿಲ್ಲ. ತಪ್ಪು ಲೆಕ್ಕಕ್ಕಿಂತ ಆ ಮಂಗಳವಾರದ ಫೋನು ಹೆಚ್ಚು ಚುಚ್ಚಿತು. ಅದಕ್ಕಿಂತಲೂ ಹೆಚ್ಚಾಗಿ, ಕೃಷ್ಣಪ್ಪನ ಮಾತಿಗೆ ತಾನು ಸುಮ್ಮನಿದ್ದದ್ದು.

ಆದರೂ, ಅವಳಿಗೆ ಪರದೆ ಕಾಣುವುದಿಲ್ಲ ಎಂಬುದು ಅವರಿಗೆ ಹೊಳೆಯದೆ ಇರಲಿಲ್ಲ.

"ಓದಿ ಸಾ."

ಅವರು ಓದಲಿಲ್ಲ. ಸದ್ದಾಗದ ಹಾಗೆ ಒಂಬತ್ತನ್ನೂ ಹನ್ನೊಂದನ್ನೂ ಅದರದರ ಜಾಗಕ್ಕೆ ಒತ್ತಿ, ಉಳಿಸಿ, "ಈಗ ಸರಿಯಾಯ್ತಮ್ಮ" ಎಂದರು.

ತೇಜಶ್ರೀ ಅವರ ಮುಖವನ್ನೇ ನೋಡಿದಳು. ಬ್ಯಾಗಿನಿಂದ ಅಂಗಡಿಯ ಚೀಟಿ ತೆಗೆದು ಹೊಸ್ತಿಲ ಮೇಲಿಟ್ಟು ಹಿಂದೆ ಸರಿದಳು. ಏನು ಕೆಟ್ಟಿತ್ತು, ಯಾರಿಂದ ಕೆಟ್ಟಿತು ಎಂದು ಗಿರಾಕಿ ಬರೆದು ಸಹಿ ಹಾಕಬೇಕಾದ ಚೀಟಿ. ತಿರುನಾರಾಯಣರು "ಕಂಪ್ಯೂಟರ್ ಈಗ ಸರಿಯಾಗಿದೆ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದು ಕೊಟ್ಟರು.

ಅವಳು ಓದಿದಳು. "ಏನ್ ಕೆಟ್ಟಿತ್ತು ಅಂತ ಇಲ್ವಲ್ಲ ಸಾ."

"ಸರಿ ಹೋಯ್ತಲ್ಲಮ್ಮ, ಇನ್ನೇನು?"

"ಇದ್ನ ತಗಂಡೋದ್ರೆ ನಾಳೆಯಿಂದ ಬರಬ್ಯಾಡ ಅಂತಾರೆ." ಚೀಟಿಯನ್ನು ಮತ್ತೆ ಮುಂದಕ್ಕೆ ಹಿಡಿದಳು. "ನಾನು ಬೋರ್ಡು ಕೂರ್ಸಿದ್ರಾಗೆ ತಪ್ಪಿದ್ರೆ ಅಂಗೇ ಬರೀರಿ ಸಾ, ಒಪ್ಕತೀನಿ. ಇಲ್ಲ ಅಂದ್ರೆ ಇಲ್ಲ ಅಂತ ಬರೀರಿ. ಎರಡ್ರಾಗೆ ಒಂದು."

ಎದುರು ಜಗಲಿಯಲ್ಲಿ ಕೃಷ್ಣಪ್ಪನ ಪೇಪರು ಕೆಳಗಿಳಿಯಿತು. ತಿರುನಾರಾಯಣರು ಎದ್ದು ಬಾಗಿಲಿಗೆ ಬಂದರು. "ಒಳಗೆ ಬಾರಮ್ಮ," ಎಂದರು. "ನೀನೇ ಬಂದು ನೋಡು."

ಒಳಗಿನಿಂದ ಬಂದ ಶ್ರೀರಂಗಮ್ಮನ ಕೈಯಲ್ಲಿ ಬೀಗರು ಬಂದಾಗ ಮಾತ್ರ ಹೊರಗೆ ತೆಗೆಯುವ ಬೆಳ್ಳಿ ಲೋಟವಿತ್ತು, ಅದರ ತುಂಬ ನೊರೆ ಕಾಫಿ. ಗಂಡನ ಮಾತು ಕೇಳಿ ಅವರು ಬದಿಗೆ ಸರಿದು ದಾರಿ ಬಿಟ್ಟರು.

ತೇಜಶ್ರೀ ಹೊಸ್ತಿಲನ್ನು ನೋಡಿದಳು, ಅದರ ಅರಿಶಿನ ಕುಂಕುಮವನ್ನು ನೋಡಿದಳು. "ಬ್ಯಾಡಿ ಸಾ," ಎಂದಳು. "ಅವತ್ತು ಕರ್ದಿದ್ರೆ ಬತ್ತಿದ್ದೆ."

ತಿರುನಾರಾಯಣರು ಚೀಟಿಯನ್ನು ಇಸಿದುಕೊಂಡು ಬಾಗಿಲ ದಾರಂದಕ್ಕೆ ಒತ್ತಿ ಹಿಡಿದು ಬರೆದರು: "ತಿಂಗಳ ಜಾಗದಲ್ಲಿ ತಾರೀಕು ಹಾಕಿದವನು ನಾನು. ಬೋರ್ಡು ಚೆನ್ನಾಗಿದೆ. ಈ ಹುಡುಗಿಯ ತಪ್ಪು ಏನೇನೂ ಇಲ್ಲ." ಸಹಿಯ ಬಾಲ ಎಂದಿನಂತೆ ಸುತ್ತಿಕೊಳ್ಳಲಿಲ್ಲ.

"ಏನಂತೆ ಕಣಯ್ಯ?" ಕೃಷ್ಣಪ್ಪ ಕೂಗಿದ. "ಬೋರ್ಡೇ ತಾನೆ ಕೆಟ್ಟಿದ್ದು?"

"ಬೋರ್ಡು ಸರಿ ಇತ್ತು. ತಪ್ಪು ನನ್ನದು," ಎಂದರು ತಿರುನಾರಾಯಣರು.

ದನಿ ಬೀದಿ ದಾಟಲಿಲ್ಲ. ಕೃಷ್ಣಪ್ಪ ಕಿವಿಗೆ ಕೈ ಹಿಡಿದು, "ಆಂ? ಏನಂದೆ?" ಎಂದ. ಎರಡನೆಯ ಸಲ ಗಟ್ಟಿಯಾಗಿ ಹೇಳಬೇಕಾಯಿತು. ಹಾಲಿನವನು ಸೈಕಲ್ ನಿಲ್ಲಿಸಿ ತಿರುಗಿ ನೋಡಿದ. ತೇಜಶ್ರೀ ಚೀಟಿಯನ್ನು ಒಮ್ಮೆ ಓದಿ, ನಾಲ್ಕು ಮಡಿಕೆ ಮಾಡಿ, ಬ್ಯಾಗಿನ ಒಳಜೇಬಿಗೆ ಸೇರಿಸಿ ಜಿಪ್ಪೆಳೆದಳು.

"ಬತ್ತೀನಿ ಸಾ. ಬತ್ತೀನಿ ಕಣಮ್ಮ."

ಅವಳು ತಿರುವು ದಾಟುವವರೆಗೂ ಗಂಡ ಹೆಂಡತಿ ಬಾಗಿಲಲ್ಲೇ ನಿಂತಿದ್ದರು. ಆಮೇಲೆ ತಿರುನಾರಾಯಣರು ಜಗಲಿಗೆ ಬಂದು ಕೂತರು. ಹಳೆಯ ಸ್ಟೀಲ್ ಲೋಟ ಹೋದ ವಾರ ಅವಳು ಬೋರಲು ಹಾಕಿದ್ದ ಜಾಗದಲ್ಲೇ ಇತ್ತು. ಅದರ ಪಕ್ಕದಲ್ಲಿ ಶ್ರೀರಂಗಮ್ಮ ಅವಳಿಗೆಂದು ಇಟ್ಟಿದ್ದ ಬೆಳ್ಳಿ ಲೋಟ ತುಂಬಿದ್ದು ತುಂಬಿದ ಹಾಗೇ ಇತ್ತು. ಕಾಫಿಯ ಮೇಲೆ ಕೆನೆ ಕಟ್ಟಿತ್ತು.